ಇಲಿ ಮಾಸ್ತರರೂ ತಾಮ್ರ ಹತ್ತದ ಕೂಸೂ

ಅವರ ಬಲಗೈಯ ಬೆರಳುಗಳು ಯಾವಾಗಲೂ ಹಳದಿಯಾಗಿರುತ್ತಿದ್ದವು. ಉಗುರಿನ ಸಂದಿಯಲ್ಲಂತೂ ಅರಿಷಿಣದ ಕೊಂಬು ತೇಯ್ದು ತುಂಬಿದಷ್ಟು ಬಣ್ಣ. ನಿಂಬೆಹಣ್ಣು, ಬೂದಿ, ಬಟ್ಟೆ ಒಗೆಯುವ ಸಾಬೂನು ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ. ಪ್ರಯೋಗದ ಹಳದಿ ಪುಡಿ ಹತ್ತಿದ ಆ ಬೆರಳು ಬಾಯಿಗೆ ಹೋಗಬಾರದೆಂದು ಅವರು ಎಡಗೈಯಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದರು. ಎಡಗೈಯಲ್ಲಿ ಉಣ್ಣುವ ಮನುಷ್ಯನನ್ನು ನಮ್ಮ ಕಡೆ ಯಾರು ಊಟಕ್ಕೆ ಕರೆಯುತ್ತಾರೆ? ಯಾರದೋ ಮದುವೆಯ ಪಂಕ್ತಿಯಲ್ಲಿ ಒಮ್ಮೆ ಹಾಗೆ ಉಂಡು ಎದ್ದ ಮೇಲೆ ನಮ್ಮ ಓಣಿಯ ಯಾವ ಪಂಕ್ತಿಗೂ ಅವರಿಗೆ ಕರೆ ಬರಲಿಲ್ಲ. ಅವರಿಗೂ ಅದು ಬೇಕಿರಲಿಲ್ಲ ಅನ್ನಿ.

"ಮಾಸ್ತರಿಗೆ ದಿನಾ ಅರಿಷಿಣ ಹಚ್ಚತಾರ, ಮದುವಿ ಮಾತ್ರ ಆಗವಲ್ತು ನೋಡ," ಎಂದು ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರು ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ನಗುತ್ತಿದ್ದರು. ಮಾಸ್ತರರು ಕಂಕುಳಲ್ಲಿ ಹಾಲಿನ ಬಾಟಲಿ ಒತ್ತಿಕೊಂಡು, ಚಪ್ಪಲಿ ಎಳೆಯುತ್ತ, ಯಾರ ಮುಖವನ್ನೂ ನೋಡದೆ ದಾಟಿ ಹೋಗುವರು. ಆ ಹಾಲು ಅವರಿಗಲ್ಲ, ಅವರ ಇಲಿಗಳಿಗೆ. ಮಕ್ಕಳಿಗೆ ಚಹಾದ ನೀರು ಕುಡಿಸಿ ಸಾಲೆಗೆ ಕಳಿಸುವ ಓಣಿಯಲ್ಲಿ ಇಲಿಗೆ ಎಮ್ಮೆಯ ಹಾಲು ಕುಡಿಸುವವನಿಗೆ ಬೇರೆ ಯಾವ ಹೆಸರು ಬಿದ್ದೀತು? ಇಲಿ ಮಾಸ್ತರ ಅಂತಲೇ ಎಲ್ಲರೂ ಕರೆಯುತ್ತಿದ್ದರು. ನಾನೂ ಹಿಂದಿನಿಂದ ಹಾಗೇ ಕರೆಯುತ್ತಿದ್ದೆ, ಎದುರಿಗೆ ಸರ ಅನ್ನುತ್ತಿದ್ದೆ.

ಇದು ಎಪ್ಪತ್ತರ ದಶಕದ ಮಾತು. ವಿಜಾಪುರದ ಒಂದು ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದರು. ಕೆಳಗೆ ನಾವು. ನಮ್ಮಪ್ಪ ತಾಮ್ರದ ಭಾಂಡೆ ಬಡಿಯುವವನು. ಕೊಡ, ಹಂಡೆ, ಚರಿಗೆ, ಪಾತೇಲಿ ಎಲ್ಲವನ್ನೂ ಪಡಸಾಲೆಯಲ್ಲೇ ಕೂತು ಬಡಿಯುತ್ತಿದ್ದ. ಬೆಳಗಾದರೆ ಕೆಳಗೆ ಠಣ್ ಠಣ್, ಮೇಲೆ ಮಾಸ್ತರರ ಗೊಣಗಾಟ. "ಇದು ಮನಿ ಅಲ್ಲ, ಗುಡಿ ಗಂಟಿ," ಎಂದು ಅವರು ಮೆಟ್ಟಿಲ ಮೇಲಿಂದ ಕೂಗುವರು. ಅಪ್ಪ ಬಗ್ಗಿಸಿದ ತಲೆ ಎತ್ತದೆ, "ಹಂಗಾರ ದೇವರ ಕೋಣ್ಯಾಗ ಇದ್ದೀರಿ ಬಿಡ್ರಿ ಸರ," ಅನ್ನುವನು.

ಅವರ ಕೆಲಸ ಏನೆಂದು ನನಗೆ ತಿಳಿದದ್ದು ಒಂದು ಅನಾಹುತದಿಂದ. ಇಲಿಗಳಿಗೆ ಬರೀ ಹಾಲು ಕುಡಿಸಿ ಬೆಳೆಸಿದರೆ ಅವುಗಳ ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದಂತೆ. ತುಪ್ಪಳ ಬಿಳಿಚುತ್ತದೆ, ರಕ್ತ ತೆಳ್ಳಗಾಗುತ್ತದೆ, ಓಡಾಟ ನಿಲ್ಲುತ್ತದೆ. ಅಂಥ ಇಲಿಗಳ ಯಕೃತ್ತು ಅವರಿಗೆ ಬೇಕಿತ್ತು. ಹಾಲಿಗೆ ಲೋಹ ಸೋಕಬಾರದೆಂದು ಗಾಜಿನ ಬಾಟಲಿಯಲ್ಲಿ ತಂದು ಗಾಜಿನ ಪಾತ್ರೆಯಲ್ಲೇ ಕಾಯಿಸುತ್ತಿದ್ದರು. ಒಮ್ಮೆ ಪರೀಕ್ಷೆಯ ಕೆಲಸಕ್ಕೆ ಧಾರವಾಡಕ್ಕೆ ಹೋಗುವಾಗ ಅವ್ವನಿಗೆ ಹೇಳಿ ಹೋದರು: "ಹಾಲಿನಾಂವ ಬಂದ್ರ ಈ ಬಾಟ್ಲ್ಯಾಗ ಹಾಕಿಸಿ ಕಾಲೇಜಿನ ಸಿಪಾಯಿ ಕೈಯಾಗ ಕೊಡ್ರಿ. ಬ್ಯಾರೆ ಭಾಂಡೆ ಮುಟ್ಟಿಸಬ್ಯಾಡ್ರಿ."

ಅವ್ವ ಹೂಂ ಅಂದಳು. ಆದರೆ ಬೇಸಿಗೆಯ ದಿನ, ಹಸಿ ಹಾಲು ಕೊಟ್ಟರೆ ಒಡೆದುಹೋಗುತ್ತದೆಂದು ಅವಳ ಜೀವ ಚುರ್ ಅಂದಿತು. ಇಲಿಯಾದರೇನು, ಕುಡಿಯುವ ಬಾಯಿ ತಾನೆ. ದಿನಾ ನಮ್ಮ ಹಳೆಯ ಪಾತೇಲಿಯಲ್ಲಿ ಹಾಲು ಕಾಯಿಸಿ, ಆರಿಸಿ, ಆಮೇಲೆ ಹೇಳಿದಂತೆ ಬಾಟಲಿಗೆ ಹೊಯ್ದು ಕಳಿಸಿದಳು. ಭಾಂಡೆ ಬಡಿಯುವವರ ಮನೆಯ ಭಾಂಡೆಗೆ ತವರದ ಕಲಾಯಿ ಇರುತ್ತದೆಯೆ? ಊರ ಪಾತ್ರೆಗೆಲ್ಲ ಕಲಾಯಿ ಹಾಕಿಸಿ ಕೊಡುವ ಅಪ್ಪನಿಗೆ ಸ್ವಂತ ಪಾತೇಲಿಯ ತಳ ಸವೆದು ಕೆಂಪಗೆ ತಾಮ್ರ ಕಾಣುತ್ತಿದ್ದುದು ಕಣ್ಣಿಗೇ ಬಿದ್ದಿರಲಿಲ್ಲ.

ಮಾಸ್ತರರು ತಿರುಗಿ ಬಂದು ಕಾಲೇಜಿಗೆ ಹೋದರೆ ಇಲಿಗಳು ಪಂಜರದಲ್ಲಿ ಕುಣಿಯುತ್ತಿದ್ದವಂತೆ. ನೇರ ಮನೆಗೆ ಬಂದರು. "ಏನ ಕುಡಿಸಿದ್ರವ್ವಾ?" ಅಂದರು. ಅವ್ವ ಹೆಮ್ಮೆಯಿಂದ ಎಲ್ಲ ಹೇಳಿ ಪಾತೇಲಿ ತಂದು ತೋರಿಸಿದಳು. ಅವರು ಅದರ ತಳವನ್ನು ಉಗುರಿನಿಂದ ಕೆರೆದು ನೋಡಿ, ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತರು.

"ಇಲಿ ಛಲೋ ಆದ್ರ ನಮಗೇನ ಪಾಪ ಬಂತ್ರಿ?" ಅಂದಳು ಅವ್ವ.

"ಛಲೋ ಆಗಬಾರದಿತ್ತವ್ವಾ, ಅದ ನನ್ನ ಕೆಲಸ! ವರ್ಷದ ಕೆಲಸ ನಿಮ್ಮ ಪಾತೇಲಿ ನುಂಗಿತು."

ಓಣಿಗೆ ಆ ಮಾತು ವರ್ಷಗಟ್ಟಲೆ ನಗುವ ಸರಕಾಯಿತು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಗ ನನಗೆ ಮದುವೆಯಾಗಿರಲಿಲ್ಲ, ಇಲಿಯ ತಾಮ್ರ ಇಲಿಗೆ ಬಿಟ್ಟ ವಿಷಯವೆಂದು ತಿಳಿದಿದ್ದೆ.

ಆ ವರ್ಷವೇ ನನ್ನನ್ನು ಬಬಲೇಶ್ವರಕ್ಕೆ ಕೊಟ್ಟರು. ಗಂಡನ ಮನೆಯದೂ ಭಾಂಡೆಯ ವ್ಯಾಪಾರ. ಬಬಲೇಶ್ವರದ ಸಂತೆ, ತಿಕೋಟಾದ ಸಂತೆ, ನಿಡೋಣಿಯ ಜಾತ್ರೆ ಎಂದು ಜೀಪಿನ ಮೇಲೆ ಕೊಡ ಹೇರಿಕೊಂಡು ತಿರುಗುವ ಜನ. ಕೆಟ್ಟವರಲ್ಲ. ಅಂದರೆ ಎಲ್ಲ ಸರಿಯಾಗಿರುವ ತನಕ ಕೆಟ್ಟವರಲ್ಲ.

ನನ್ನ ಮೊದಲ ಮಗ ತುಂಬಿಕೊಂಡು ಹುಟ್ಟಿದ. ಎರಡು ತಿಂಗಳು ಚೆನ್ನಾಗಿಯೇ ಇದ್ದ. ಆಮೇಲೆ ಅವನ ಕರಿ ಕೂದಲು ಉದುರಿ, ಅದರ ಜಾಗದಲ್ಲಿ ಬೂದು ಬಣ್ಣದ ಬಿರುಸು ಕೂದಲು ಮೊಳೆಯಿತು. ಕೈಯಾಡಿಸಿದರೆ ಸವೆದ ಕುಂಚದ ಹಾಗೆ ಚುಚ್ಚುತ್ತಿತ್ತು. ಕತ್ತು ನಿಲ್ಲಲಿಲ್ಲ. ಮೈ ಸದಾ ತಣ್ಣಗೆ. ನೋಡಲು ಬಂದವರು ಮೊದಲು ಕೂದಲು ನೋಡಿ ಆಮೇಲೆ ನನ್ನ ಮುಖ ನೋಡುತ್ತಿದ್ದರು. ಅತ್ತೆಗೆ ಅದು ತಡೆಯದೆ ಹೊತ್ತಿಗೆ ಮುಂಚೆಯೇ ಜಾವಳ ತೆಗೆಸಿಬಿಟ್ಟಳು. ದೇವರಿಗೆ ಕೂದಲು ಕೊಟ್ಟ ಹಾಗೂ ಆಯಿತು, ಜನರ ಬಾಯಿ ಮುಚ್ಚಿದ ಹಾಗೂ ಆಯಿತು. ಮತ್ತೆ ಮೊಳೆತಾಗ ಮತ್ತೆ ಬೋಳಿಸಿದರು. ಹಾಗಾಗಿ ಕೂಸನ್ನು ವಿಜಾಪುರಕ್ಕೆ ಒಯ್ದಾಗ ದವಾಖಾನೆಯಲ್ಲಿ ನೋಡಿದ್ದು ನುಣ್ಣನೆಯ ತಲೆ, ಮಾಳಿಗೆಯ ಮಾಸ್ತರರು ನೋಡಿದ್ದೂ ನುಣ್ಣನೆಯ ತಲೆ. ಮೂರ್ಛೆ ಬಂದು ಬಂದು ಅವನು ಹೋದ. ಒಂದು ಹೆಜ್ಜೆ ಇಡಲಿಲ್ಲ, ಅವ್ವಾ ಅನ್ನಲಿಲ್ಲ.

ಎರಡನೆಯದು ಹೆಣ್ಣು. ಕಲ್ಲಿನಂಥ ಕೂಸು, ಜ್ವರವೂ ಬರಲಿಲ್ಲ. ಮೂರನೆಯ ಬಸಿರಿಗೆ ತವರಿಗೆ ಬಂದೆ. ಗಂಡು ಹುಟ್ಟಿತು. ಅಪ್ಪ ಪೇಢೆ ಹಂಚಿದ. ಮಾಳಿಗೆಯಿಂದ ಮಾಸ್ತರರು ಇಳಿದು ಬಂದು ತೊಟ್ಟಿಲಿಗೆ ಬಗ್ಗಿ ನೋಡಿ, "ಕೂದಲಾ ಭಾಳ ಛಂದ ಅವ," ಅಂದರು. ಅವರ ಬಾಯಲ್ಲಿ ಕೂಸಿನ ಬಗ್ಗೆ ಮೆಚ್ಚಿಕೆಯ ಮಾತು ಬಂದದ್ದೇ ಒಂದು ಸೋಜಿಗವಾಗಿತ್ತು. ಇಲಿ ಮರಿಗಾದರೆ ದಿನಾ ಹೇಳುತ್ತಿದ್ದರೇನೋ.

ಮೂರನೆಯ ತಿಂಗಳಿಗೆ ಕೂದಲು ಉದುರಿತು. ದಿಂಬಿನ ಮೇಲೆ ಕರಿ ಕೂದಲು, ತಲೆಯ ಮೇಲೆ ಬೂದು ಮೊಳಕೆ. ನೋಡಿದ ಕೂಡಲೇ ಸೆರಗಿನಿಂದ ಅವನ ತಲೆ ಮುಚ್ಚಿದೆ. ಅತ್ತೆ ಸುದ್ದಿ ತಿಳಿದು ಜಾವಳಕ್ಕೆ ಬಬಲೇಶ್ವರದಿಂದ ಹೇಳಿ ಕಳಿಸಿದಳು. ಕ್ಷೌರ ಮಾಡುವ ಹಡಪದ ಅಜ್ಜ ಬಂದು ಪಡಸಾಲೆಯಲ್ಲಿ ಕತ್ತಿ ಮಸೆಯುತ್ತಿರುವಾಗ ಮಾಸ್ತರರು ಕಾಲೇಜಿನಿಂದ ಬಂದರು. ಕೂಸಿನ ತಲೆ ನೋಡಿದವರು ಅಲ್ಲೇ ನಿಂತುಬಿಟ್ಟರು. ಎಡಗೈಯಿಂದ ಮೆಲ್ಲಗೆ ಆ ಕೂದಲು ಮುಟ್ಟಿದರು.

"ಮೊದಲನೇದ್ದಕ್ಕೂ ಹಿಂಗ ಇದ್ದವೇನು?"

"ಹೌದ್ರಿ."

"ಯಾಕ ಹೇಳಲಿಲ್ಲ?"

"ಕೂದಲದ್ದೇನ ಹೇಳೂದ್ರಿ ಸರ? ಕೂಸ ಸಾಯಾಕತ್ತಿತ್ತು."

ಅವರು ಹಡಪದ ಅಜ್ಜನ ಕೈಯಿಂದ ಕತ್ತಿಯನ್ನೇ ಕಸಿದುಕೊಂಡರು. ಅವ್ವ ಅಪಶಕುನ ಎಂದು ಕಿರಿಚಿದಳು. ನಾಲ್ಕಾರು ಕೂದಲು ಮಾತ್ರ ತಾವೇ ಕತ್ತರಿಸಿ ಕಾಗದದಲ್ಲಿ ಮಡಚಿಕೊಂಡು, ಉಳಿದದ್ದಕ್ಕೆ ಕೈ ಹಚ್ಚಬೇಡಿರೆಂದು ಹೇಳಿ ಹೋದರು. ಮರುದಿನ ಕಾಲೇಜಿಗೂ ಹೋಗದೆ ತಿಕೋಟಾದ ಬಸ್ ಹತ್ತಿದರು. ಅಲ್ಲೊಬ್ಬ ಕುರಿಗಾರನ ಹಿಂಡಿನಲ್ಲಿ ಕೆಲವು ಮರಿ ಹಿಂಗಾಲು ಎಳೆಯುತ್ತಿದ್ದುದನ್ನು, ಅವುಗಳ ಉಣ್ಣೆ ಗುಂಗುರು ಕಳೆದುಕೊಂಡು ತಂತಿಯಂತೆ ಬಿರುಸಾಗಿದ್ದುದನ್ನು ಅವರು ಮೊದಲೇ ನೋಡಿ ಬಂದಿದ್ದರು. ಮೇವಿನಲ್ಲಿ ತಾಮ್ರ ಸಾಲದೆ ಹಾಗಾಗುತ್ತದಂತೆ. ಆ ಉಣ್ಣೆಯ ಒಂದು ಹಿಡಿ ತಂದು ನನ್ನ ಮಗನ ತಲೆಯ ಪಕ್ಕ ಹಿಡಿದು, ನನ್ನ ಬೆರಳನ್ನು ಮೊದಲು ಅದಕ್ಕೆ, ಆಮೇಲೆ ಇದಕ್ಕೆ ಮುಟ್ಟಿಸಿದರು. ಕೈಗೆ ಎರಡೂ ಒಂದೇ ಥರ ಹತ್ತಿದವು. ನನ್ನ ಮಗನನ್ನು ಕುರಿಯ ಜೊತೆ ಹೋಲಿಸಿದರಲ್ಲ ಎಂದು ಸಿಟ್ಟು ಬಂತು. ಸಿಟ್ಟಿನಲ್ಲೂ ಬೆರಳು ಮತ್ತೆ ಆ ಉಣ್ಣೆಗೆ ಹೋಯಿತು.

ಪರದೇಶದ ಡಾಕ್ಟರರೊಬ್ಬರು ಇಂಥ ಕೂದಲಿನ ಕೂಸುಗಳನ್ನು ನೋಡಿ ತಾಮ್ರದ ಕೊರತೆಯೆಂದು ಕಂಡುಹಿಡಿದಿದ್ದನ್ನು ಅವರು ಓದಿದ್ದರು. ನನಗೆ ತಿಳಿಯುವ ಹಾಗೆ ಹೇಳಿರೆಂದು ಹಟ ಹಿಡಿದೆ. ಅವರು ಕಟ್ಟೆಯ ಮೇಲೆ ಕೂತು ಹೇಳಿದ ರೀತಿ ಈಗಲೂ ಕಿವಿಯಲ್ಲಿದೆ.

"ಕಪ್ಲಿ ಹೊಡಿಯೂದು ನೋಡಿಯಲ್ಲ? ಎತ್ತು ಇಳಕಲದಾಗ ಓಡತಾವ, ಹಗ್ಗ ಜಗ್ಗತದ, ಬಾವ್ಯಾಗಿಂದ ನೀರು ಬರತದ. ನಮ್ಮ ಮೈಯಾಗ ಪ್ರತಿಯೊಂದು ಕಣದಾಗೂ ಅಂಥಾ ಕಪ್ಲಿ ಅವ. ಉಸಿರು ಅನ್ನೂದು ಎತ್ತು, ಶಕ್ತಿ ಅನ್ನೂದು ನೀರು. ನನ್ನ ಬೆರಳಿಗೆ ಹತ್ತಿದ ಈ ಹಳದಿ ಪುಡಿ ಅದ ನೋಡು, ಅದು ಹಗ್ಗ ಕೊಯ್ದುಬಿಡತದ. ನೀರು ಬರಂಗಿಲ್ಲ, ಆದ್ರ ಎತ್ತು ಹಗುರಾಗಿ ಜೋರ ಓಡತಾವ. ಛಲೋ ಇಲಿ ಯಕೃತ್ತಿಗೆ ಹಾಕಿದ್ರ ಓಡತಾವ. ಹಾಲ ಕುಡದ ಇಲಿದಕ್ಕ ಹಾಕಿದ್ರ ಹಗ್ಗ ಕೊಯ್ದ್ರೂ ನಿಂತಲ್ಲೇ ನಿಂತಿರತಾವ. ಅಂದ್ರ ತಪ್ಪು ಹಗ್ಗದ್ದಲ್ಲ, ಎತ್ತಿಂದು. ತಾಮ್ರ ಇಲ್ಲದ ಎತ್ತಿಗೆ ಕಾಲಿಲ್ಲ."

"ನನ್ನ ಮಗಾ?"

"ಅವನ ಎತ್ತಿಗೂ ತಾಮ್ರ ಸಿಗವಲ್ದು."

ತಾಮ್ರವೆ? ತಾಮ್ರ ಬಡಿದೇ ಹೊಟ್ಟೆ ಹೊರೆದ ಮನೆ ಇದು. ನಾನು ಆಡಿ ಬೆಳೆದ ಪಡಸಾಲೆಯ ಮಣ್ಣಿನಲ್ಲೂ ತಾಮ್ರದ ಪುಡಿ ಇತ್ತು. ಅಪ್ಪ ಆ ಮಾತು ಕೇಳಿದವನು ಒಳಗೆ ಹೋಗಿ ಪಾತೇಲಿ ತಂದ. ಇಲಿಗಳನ್ನು ಕುಣಿಸಿದ ಅದೇ ಪಾತೇಲಿ. ಆ ಗಲಾಟೆಯಾದ ಮೇಲೆ ಅದಕ್ಕೆ ಹೊಸ ಕಲಾಯಿ ಹಾಕಿಸಿದ್ದರು. ಜನ್ಮವೆಲ್ಲ ಜನರ ಹೊಟ್ಟೆಗೆ ತಾಮ್ರ ಹೋಗದಿರಲೆಂದು ಕಲಾಯಿ ಹಾಕಿಸಿದವನು ಅಂದು ತನ್ನ ಕೈಯಾರೆ ಆ ಕಲಾಯಿಯನ್ನು ಕೆರೆದು ತೆಗೆದ. ಅದರಲ್ಲಿ ಹಾಲು ಕಾಯಿಸಿ ಅವ್ವ ಚಮಚದಿಂದ ಮೊಮ್ಮಗನಿಗೆ ಕುಡಿಸಿದಳು. ತಾಮ್ರದ ಚರಿಗೆಯಲ್ಲಿ ನೀರಿಟ್ಟು ಕುಡಿಸಿದಳು. ಸೊಂಟಕ್ಕೆ ತಾಮ್ರದ ಸರಿಗೆ ಕಟ್ಟಿದಳು. ಇಲಿಗೆ ಹತ್ತಿದ್ದು ನಮ್ಮ ಕೂಸಿಗೆ ಹತ್ತುವುದಿಲ್ಲವೆ ಎಂದು ಓಣಿಯವರೆಲ್ಲ ಒಂದೇ ಧೈರ್ಯ.

ಮಾಸ್ತರರು ನೋಡಿ ತಡೆಯಲಿಲ್ಲ. ಕೆಲವು ದಿನ ಬಿಟ್ಟು ನನ್ನೊಬ್ಬಳನ್ನೇ ಕರೆದು ಹೇಳಿದರು. "ಹೊಟ್ಟಿಗೆ ಹಾಕಿದ್ದು ಮುಟ್ಟೂದಿಲ್ಲ ತಂಗಿ. ಇಲಿಗೆ ತಾಮ್ರ ಸಿಕ್ಕಿದ್ದಿಲ್ಲ, ಕೊಟ್ಟ ಕೂಡ್ಲೆ ತಗೊಂಡ್ವು. ಇವನ ಕರುಳು ತಾಮ್ರಾನ ತನ್ನೊಳಗ ಹಿಡಕೊಂಡು ರಕ್ತಕ್ಕ ಬಿಡವಲ್ದು. ಹುಟ್ಟಿನಿಂದನ ಹಂಗ."

"ಮತ್ತ ಏನ ಮಾಡೂದ್ರಿ?"

"ಸೂಜಿಲೆ ರಕ್ತಕ್ಕ ಕೊಡಬೇಕು. ಕೊಟ್ಟ್ರೂ ಆಗತದೋ ಇಲ್ಲೋ."

ಅವರೇ ಕೂಸನ್ನೂ ನನ್ನನ್ನೂ ಟಾಂಗಾದಲ್ಲಿ ಕೂರಿಸಿಕೊಂಡು ಒಬ್ಬ ಡಾಕ್ಟರರ ಹತ್ತಿರ ಹೋದರು. ಕೂದಲು, ಉಣ್ಣೆ, ಇಲಿ, ತಾಮ್ರ ಎಲ್ಲ ಹೇಳಿದರು. ಹೇಳುವ ರೀತಿ ಅವರಿಗೆ ಗೊತ್ತಿರಲಿಲ್ಲ. ತರಗತಿಯಲ್ಲಿ ದಡ್ಡನಿಗೆ ಹೇಳುವ ಹಾಗೆ ಹೇಳಿದರು. ಡಾಕ್ಟರರು ಪೂರ್ತಿ ಕೇಳಿ, "ನೀವು ಕಾಲೇಜಿನ್ಯಾಗ ಇಲಿ ಕೊಯ್ರಿ ಮಾಸ್ತರ. ಕೂಸಿಗೆ ಏನ ಕೊಡಬೇಕು ಅನ್ನೂದು ನನಗ ಬಿಡ್ರಿ," ಎಂದು ಟಾನಿಕ್ ಬರೆದುಕೊಟ್ಟರು. ಮಾಸ್ತರರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಟಾಂಗಾ ಹತ್ತಿದರು. ನನಗೆ ಅವರ ಮೇಲೆ ಸಿಟ್ಟು ಬೇರೂರಿದ್ದು ಅಲ್ಲಿಂದಲೇ. ಸ್ವಲ್ಪ ತಗ್ಗಿ ಮಾತಾಡಿದ್ದರೆ ಏನಾಗುತ್ತಿತ್ತು? ಒಂದು ಜೀವದ ಪ್ರಶ್ನೆಯಲ್ಲೂ ಮನುಷ್ಯನಿಗೆ ತನ್ನ ಬಿಗುಮಾನ ಬಿಡಲಾಗುವುದಿಲ್ಲವೆ?

ಕೂಸಿನ ಮೈ ದಿನದಿಂದ ದಿನಕ್ಕೆ ತಣ್ಣಗಾಯಿತು. ನಮ್ಮೂರಿನ ಮೇ ತಿಂಗಳ ಬಿಸಿಲಲ್ಲಿ, ಹಂಚಿನ ಹಾಗೆ ಕಾದ ಮನೆಯೊಳಗೆ, ಅದರ ಅಂಗಾಲು ತಣ್ಣಗೆ. ಹಳದಿ ಪುಡಿ ತಿಂದರೆ ಮೈ ಕಾಯುತ್ತದೆಂದು ಮಾಸ್ತರರು ಯಾವಾಗಲೋ ಅಂದದ್ದು ನನ್ನ ತಲೆಯಲ್ಲಿತ್ತು. ಕೂಸನ್ನೆತ್ತಿಕೊಂಡು ಕಾಲೇಜಿಗೆ ನಡೆದೆ. ಅವರ ಪ್ರಯೋಗದ ಕೋಣೆ ನೋಡಿದ್ದು ಅಂದೇ. ಬರ್ಫದ ಕಾರ್ಖಾನೆಯಿಂದ ತಂದ ಗಡ್ಡೆಯೊಂದು ಕಟ್ಟಿಗೆಯ ಹೊಟ್ಟಿನಲ್ಲಿ ಹುದುಗಿ ಕರಗುತ್ತಿತ್ತು, ಅದರಲ್ಲಿ ಗಾಜಿನ ನಳಿಗೆಗಳನ್ನು ನಿಲ್ಲಿಸಿದ್ದರು. ಬೆವರು ಸುರಿಸುತ್ತ ಅವರು ಯಾವುದೋ ಯಕೃತ್ತನ್ನು ಅರೆಯುತ್ತಿದ್ದರು. ಸತ್ತ ಇಲಿಯ ಯಕೃತ್ತು ಕೆಡಬಾರದೆಂದು ಅಷ್ಟು ಬರ್ಫ, ಅಷ್ಟು ಜತನ.

"ಸರ, ಆ ಪುಡಿ ಒಂದ ಚಿಟಿಕಿ ಕೊಡ್ರಿ. ಕೂಸಿನ ಮೈಯರ ಬಿಸಿ ಆಗಲಿ."

ಅವರ ಮುಖ ಕಪ್ಪಿಟ್ಟಿತು. ಬಾಟಲಿಯನ್ನು ಕಪಾಟಿಗೆ ಹಾಕಿ ಕೀಲಿ ಜಡಿದರು. "ಹುಚ್ಚ ಹಿಡದದೇನು ನಿನಗ? ಅದು ಮನಷ್ಯಾನ್ನ ಒಳಗಿಂದ ಬೇಯಿಸಿ ಕೊಲ್ಲತದ. ದೊಡ್ಡ ಮಂದಿ ತೆಳ್ಳಗಾಗಾಕ ತಿಂದು ಸತ್ತಾರ."

"ಹಂಗಾರ ಸೂಜಿ ಚುಚ್ಚರಿ. ನಿಮ್ಮ ಕಡೆ ಸೂಜಿ ಐತಿ, ತಾಮ್ರದ ನೀರೂ ಐತಿ. ಇಲಿಗೆ ಚುಚ್ಚತೀರಲ್ಲ?"

"ನಾ ಡಾಕ್ಟರ ಅಲ್ಲ. ನನ್ನ ಲೆಕ್ಕ ಇಲಿ ತೂಕದ್ದು. ಸ್ವಲ್ಪ ಹೆಚ್ಚಾದ್ರ ಅದ ತಾಮ್ರ ವಿಷ. ಇಲಿ ಸತ್ತಾವ ನನ್ನ ಕೈಯಾಗ."

"ಹೆಂಗಿದ್ರೂ ಸಾಯಾವನ ಅದಾನಲ್ಲರಿ ಸರ."

"ಅವ ಸಾಯೂದು ಬ್ಯಾರೆ, ನಾ ಕೊಲ್ಲೂದು ಬ್ಯಾರೆ."

ನಾನು ಅವರ ಕಾಲು ಹಿಡಿದೆ. ನೆಲಕ್ಕೆ ಬಿದ್ದಿದ್ದ ಹೊಟ್ಟು ನನ್ನ ಸೀರೆಗೆ ಅಂಟಿತು. ಅವರು ಕಾಲು ಬಿಡಿಸಿಕೊಂಡು ಹೊರಗೆ ಹೋಗಿ, ಕಾಲೇಜಿನ ಬೇವಿನ ಗಿಡದ ಕೆಳಗೆ ನನಗೆ ಬೆನ್ನು ಮಾಡಿ ನಿಂತರು. ಮಗುವನ್ನು ಎತ್ತಿಕೊಂಡು ಅವರ ಪಕ್ಕದಿಂದಲೇ ಹಾದು ಮನೆಗೆ ಬಂದೆ. ಆ ಬೇಸಿಗೆ ಮುಗಿಯುವುದರೊಳಗೆ ಅವನೂ ಹೋದ. ಮಣ್ಣಿಗೆ ಮಾಸ್ತರರು ಬಂದಿದ್ದರು, ದೂರ ನಿಂತಿದ್ದರು. ಕೂಸಿನ ತಲೆಯ ಮೇಲೆ ಜಾವಳ ಹಾಗೇ ಇತ್ತು.

ಮಗಳ ಕೈ ಹಿಡಿದು ಬಬಲೇಶ್ವರಕ್ಕೆ ತಿರುಗಿ ಹೋದೆ. ಅಲ್ಲಿ ಮಾತು ಶುರುವಾಗಿತ್ತು. ಜಾವಳ ತೆಗೆಸದೆ ದೇವರ ಸಿಟ್ಟು ತಂದಳು ಎಂದು ಒಬ್ಬರು, ಇವಳ ಕಾಲ್ಗುಣವೇ ಹಾಗೆ ಎಂದು ಇನ್ನೊಬ್ಬರು. ನನ್ನ ತಾಟು ಬೇರೆಯಾಯಿತು. ಓಣಿಯ ಬಾಣಂತಿಯರ ಕೋಣೆಗೆ ನಾನು ಹೋಗಬಾರದೆಂದಾಯಿತು. ಸುದ್ದಿ ಅಪ್ಪನಿಗೆ ತಲುಪಿತು, ಅಪ್ಪನಿಂದ ಮಾಳಿಗೆಗೂ ತಲುಪಿತು. ಒಂದು ಆದಿತ್ಯವಾರ, ಯಾರೂ ಕರೆಯದೆ, ಮಾಸ್ತರರು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಬಲೇಶ್ವರದ ಬಸ್ಸಿನಿಂದ ಇಳಿದರು.

ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಮಾವ, ಅತ್ತೆ, ನನ್ನ ಗಂಡ, ಊರಿನ ಇಬ್ಬರು ಹಿರಿಯರು ಕೂತರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಚಹಾ ಕುಡಿದು ಅವರು ಮಾತು ತೆಗೆದರು.

"ಇದು ಶಾಪ ಅಲ್ಲ, ದೇವರ ಸಿಟ್ಟಲ್ಲ. ಇದು ರೋಗ. ತಾಯಿ ಕಡಿಂದ ಗಂಡು ಮಕ್ಕಳಿಗೆ ಬರತದ. ಆ ಹುಡಿಗಿ ತಪ್ಪು ಏನೂ ಇಲ್ಲ. ಆಕಿಗೆ ಬೈದ್ರ ನಿಮಗ ಪಾಪ."

"ತಾಯಿ ಕಡಿಂದ," ಅಂದರು ಮಾವ. ಬೇರೆ ಯಾವ ಮಾತೂ ಅವರ ಕಿವಿಗೆ ಹೋಗಿರಲಿಲ್ಲ. "ಮುಂದ ಹುಟ್ಟೂವೂ ಹಿಂಗ ಆಗತಾವೇನ್ರಿ?"

"ಹೆಣ್ಣಾದ್ರ ಅಂಜಿಕಿಲ್ಲ. ಗಂಡಾದ್ರ ಅರ್ಧಕ್ಕರ್ಧ."

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದಳು. "ನಮ್ಮ ಹುಡುಗ ಬ್ಯಾರೆ ಹೆಣ್ಣು ಮಾಡಕೊಂಡ್ರ?"

ಬಾಗಿಲ ಹಿಂದಿನಿಂದ ನಾನು ಮನಸ್ಸಿನಲ್ಲೇ ಕೂಗಿದೆ, ಸುಮ್ಮನಿರ್ರಿ ಸರ, ಈಗೊಂದು ಸಲ ಸುಮ್ಮನಿರ್ರಿ. ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತು ಒಳ್ಳೆಯ ಪ್ರಶ್ನೆ ಕೇಳಿದ ಹಾಗೆ ಅವರ ಮುಖ ಅರಳಿತು.

"ಆಗ ಬರೂದಿಲ್ಲ," ಅಂದರು. "ನಿಮ್ಮ ಮಗಗ ಏನೂ ದೋಷಿಲ್ಲ."

ನನ್ನ ಗಂಡ ಜಮಖಾನೆಯ ಎಳೆ ಕೀಳುತ್ತಿದ್ದವನು ಕೈ ನಿಲ್ಲಿಸಿದ. ಅಷ್ಟೇ. ಹಿರಿಯರು ತಲೆಯಾಡಿಸಿದರು. ಮಾವ ಮಾಸ್ತರರನ್ನು ಬಸ್ ನಿಲ್ದಾಣದವರೆಗೂ ಕಳಿಸಿ ಬಂದರು. ಹೊರಡುವಾಗ ಮಾಸ್ತರರು ಅಡಿಗೆಮನೆಯ ಬಾಗಿಲ ಕಡೆ ತಿರುಗಿ, "ಎಲ್ಲಾ ತಿಳಿಸಿ ಹೇಳೀನಿ ತಂಗಿ, ಇನ್ನ ಚಿಂತಿ ಇಲ್ಲ," ಅಂದರು. ನಗುತ್ತಿದ್ದರು. ಆ ಮನುಷ್ಯ ಅಷ್ಟು ಸಂತೋಷದಿಂದ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದೀಪಾವಳಿಯ ಹೊತ್ತಿಗೆ ನನ್ನ ಗಂಡನಿಗೆ ಬೇರೆ ಹೆಣ್ಣು ಬಂತು. ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. "ನಿನ್ನ ತಪ್ಪಿಲ್ಲ ಬೇ, ಮಾಸ್ತರರ ಹೇಳ್ಯಾರ," ಎಂದು ಅತ್ತೆಯೇ ನನ್ನ ಟ್ರಂಕಿಗೆ ಸೀರೆ ಮಡಚಿ ಇಟ್ಟಳು. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು. ದೇವರ ಸಿಟ್ಟಾಗಿದ್ದರೆ ಹರಕೆ ಹೊತ್ತು ತೀರಿಸಬಹುದಿತ್ತು, ಕಾಲ್ಗುಣವಾಗಿದ್ದರೆ ಜಗಳ ಮಾಡಿ ಉಳಿಯಬಹುದಿತ್ತು. ಮಾಸ್ತರರು ಹೇಳಿದ ಮಾತಿಗೆ ಪರಿಹಾರವಿರಲಿಲ್ಲ.

ವಿಜಾಪುರದ ಮನೆಯ ಮುಂದೆ ಟ್ರಂಕು, ಮಗಳು ಸಹಿತ ಇಳಿದಾಗ ಅವರು ಕಟ್ಟೆಯ ಮೇಲಿದ್ದರು. "ಯಾಕ, ಹಬ್ಬಕ್ಕ ಬಂದ್ಯೇನು?" ಅಂದರು. ಅವ್ವ ಅವರ ಮೇಲೆ ಹರಿಹಾಯ್ದಳು. "ನನ್ನ ಮಗಳ ಮನಿ ಮುರದ್ರಿ, ನಿಮ್ಮ ಬಾಯಾಗ ಮಣ್ಣ ಬೀಳಲಿ," ಅಂದಳು. ಅಷ್ಟು ದಿನದ ಅನ್ನ, ನೀರು, ನೆರೆಹೊರೆಯ ಮರ್ಯಾದೆ ಎಲ್ಲ ಆ ಒಂದು ಕ್ಷಣದಲ್ಲಿ ಹೋಯಿತು. ಅವರು ಕಟ್ಟೆಯಿಂದಿಳಿದು ನನ್ನ ಟ್ರಂಕು ಎತ್ತಿ ಒಳಗಿಟ್ಟರು. ಖರೆ ಹೇಳಿದರೆ ಖರೆ ಕೇಳುತ್ತಾರೆಂದು ನಂಬಿದ ಮನುಷ್ಯ. ಐವತ್ತು ದಾಟಿದ ಮೇಲೂ ಅಷ್ಟು ತಿಳಿಯದಿದ್ದರೆ ಓದಿ ಏನು ಉಪಯೋಗ ಎಂದು ನನಗೆ ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ.

ಅವರು ಮಾಳಿಗೆ ಬಿಟ್ಟು ಹೋಗಲಿಲ್ಲ. ಅಪ್ಪ ಬಿಡಿಸಲೂ ಇಲ್ಲ. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ನನ್ನ ಮುಂದೆ ಗಣಿತದ ಪುಸ್ತಕ ತಂದು ಒಗೆದರು. "ಮ್ಯಾಟ್ರಿಕ್ ಕಟ್ಟು," ಅಂದರು. ಒಲ್ಲೆ ಅಂದೆ. ಮರುದಿನ ಮತ್ತೆ ತಂದರು. ನನಗೆ ಅವರ ಮುಖ ನೋಡಲು ಮನಸ್ಸಿರಲಿಲ್ಲ, ಆದರೆ ಬಡಿಯುವಾಗ ಅಪ್ಪನ ಸುತ್ತಿಗೆ ಗುರಿ ತಪ್ಪುತ್ತಿದ್ದುದು ಕಾಣುತ್ತಿತ್ತು, ಪಕ್ಕದಲ್ಲಿ ಮಗಳು ಬೆಳೆಯುತ್ತಿದ್ದಳು. ಓದಿದೆ. ಕಲಿಸುವಾಗ ಅವರು ಸಿಡುಕಿದರೆ ನಾನೂ ಸಿಡುಕುತ್ತಿದ್ದೆ. ಧನ್ಯವಾದ ಎಂಬ ಮಾತು ನಮ್ಮಿಬ್ಬರ ನಡುವೆ ಯಾವತ್ತೂ ಬರಲಿಲ್ಲ. ಅದೇ ಹೊತ್ತಿಗೆ ಕಾಲೇಜಿನವರು ಅವರ ಪ್ರಯೋಗದ ಕೋಣೆಯನ್ನು ಆಟದ ಸಾಮಾನು ಇಡಲು ತೆಗೆದುಕೊಂಡರು. ಇಲಿಯ ಪಂಜರಗಳು ವರಾಂಡಕ್ಕೆ ಬಂದವು, ಆಮೇಲೆ ಖಾಲಿಯಾದವು. 

ಒಮ್ಮೆ, ನನ್ನ ಮಗಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುವುದನ್ನು ನೋಡುತ್ತ, "ಈಕಿ ದೊಡ್ಡಾಕಿ ಆದ ಮ್ಯಾಲೆ ಹೇಳು. ಮದುವಿಗಿಂತ ಮೊದಲ ಹೇಳು. ನಿನ್ನಂಗ ಈಕಿ ಮೈಯಾಗೂ ಆ ರೋಗ ಅಡಗಿರಬಹುದು," ಅಂದರು. ಕೈಯಲ್ಲಿದ್ದ ಚಹಾದ ಕಪ್ಪನ್ನು ಅವರ ಕಾಲಬುಡಕ್ಕೆ ಒಗೆದೆ. ಅವರು ಚೂರು ಆಯ್ದು ಒಂದು ಕಡೆ ಇಟ್ಟು ಮೇಲೆ ಹೋದರು. ನನ್ನ ಮಗಳಿಗೆ ನಾನು ಹೇಳಿದೆ, ಹೊತ್ತು ಬಂದಾಗ ಹೇಳಿದೆ. ನನಗೆ ಯಾರೂ ಹೇಳದೆ ಹೋಗಿದ್ದರೆ ಬಬಲೇಶ್ವರದಲ್ಲಿ ಸೊಸೆಯಾಗಿ ಉಳಿದು ಇನ್ನೆಷ್ಟು ತೊಟ್ಟಿಲು ಕಟ್ಟುತ್ತಿದ್ದೆನೋ, ಇನ್ನೆಷ್ಟು ಬಿಚ್ಚುತ್ತಿದ್ದೆನೋ. ಇದು ಅವರ ಋಣವೇ. ಇಂಥ ಋಣ ಯಾರಿಗೂ ಬೇಡ.

ನಾನು ತೊರವಿಯ ಸಾಲೆಯಲ್ಲಿ ಮಾಸ್ತರಬಾಯಿಯಾಗಿ ಸೇರಿದ ಮೇಲೆ, ದಶಕ ಮುಗಿಯುತ್ತ ಬಂದಾಗ, ಅವರಿಗೆ ಯಕೃತ್ತಿನ ಬೇನೆ ಬಂತು. ದವಾಖಾನೆಯಲ್ಲಿ ಮಲಗಿದ್ದರು. ನೋಡಿಕೊಳ್ಳಲು ಧಾರವಾಡದಿಂದ ಅಕ್ಕನ ಮಗನೊಬ್ಬ ಬಂದಿದ್ದ. ನಾನು ಗಂಜಿ ಒಯ್ದಿದ್ದೆ. ಅಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಅಂದು ಕೇಳಿದೆ.

"ಸರ, ಅವತ್ತ ನೀವು ಸೂಜಿ ಚುಚ್ಚಿದ್ರ ನನ್ನ ಮಗ ಬದುಕತಿದ್ದನೇನ್ರಿ?"

 "ಗೊತ್ತಿಲ್ಲ ತಂಗಿ," ಅಂದರು.

"ಬದುಕತಿದ್ದಿಲ್ಲ ಅಂತ ಹೇಳ್ರಿ. ಅಷ್ಟ ಹೇಳ್ರಿ ಸಾಕು."

"ಹೆಂಗ ಹೇಳಲಿ? ಆಗ ತಡ ಆಗಿತ್ತು ಅನಸ್ತದ. ಆದ್ರ ಗೊತ್ತಿಲ್ಲ."

ಆ ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಸಾಯುವ ಮನುಷ್ಯ. ಹೇಳಿದ್ದರೆ ನಾನು ನಂಬುತ್ತಿದ್ದೆ, ನೆಮ್ಮದಿಯಿಂದ ಇರುತ್ತಿದ್ದೆ. ಗಂಜಿಯ ಪಾತ್ರೆಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ನಾಲ್ಕನೆಯ ದಿನಕ್ಕೋ ಐದನೆಯ ದಿನಕ್ಕೋ ಅವರು ತೀರಿಕೊಂಡರು. ಸಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ, ಸುದ್ದಿ ತಂದವನನ್ನು ಕಳಿಸಿ ಉಳಿದ ಮಗ್ಗಿಯನ್ನೂ ಹೇಳಿಸಿದೆ.

ಅವ್ವ ಕೊನೆಯವರೆಗೂ ದೃಷ್ಟಿ ತಾಗಿತ್ತು ಅಂದಳು. ಅತ್ತೆ ದೇವರ ಹೆಸರು ಹೇಳಿದಳು, ಡಾಕ್ಟರರು ಹಣೆಬರಹ ಅಂದರು. ಎಲ್ಲರಿಗೂ ಎಲ್ಲ ಗೊತ್ತಿತ್ತು. ನನ್ನ ಮಗನ ವಿಷಯದಲ್ಲಿ ಗೊತ್ತಿಲ್ಲ ಎಂದವರು ಆ ಇಲಿ ಮಾಸ್ತರರೊಬ್ಬರೇ. ಆ ಮಾತಿಗಾಗಿ ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಬೇರೆ ಯಾರ ಮಾತನ್ನೂ ನಂಬಿಯೂ ಇಲ್ಲ.